ಎಬ್ಬಿಸಬೇಡ ಎಂದಿದ್ದೆ

ಫೋನ್ ಬಂದಾಗ ನಾನು ದೋಸೆಗೆ ರುಬ್ಬುತ್ತಿದ್ದೆ. ಹೊರದೇಶದ ನಂಬರು. ಬ್ಯಾಂಕಿನವರೆಂದು ಹೇಳಿಕೊಂಡು ಟೋಪಿ ಹಾಕುವವರ ಕರೆ ಇರಬೇಕೆಂದು ಗ್ರೈಂಡರ್ ನಿಲ್ಲಿಸಿ, ಚೆನ್ನಾಗಿ ಬೈಯಲು ಸಿದ್ಧಳಾಗಿಯೇ ಎತ್ತಿಕೊಂಡೆ. ಆ ಕಡೆಯ ಹೆಂಗಸು ಮೆಲುದನಿಯಲ್ಲಿ ತನ್ನ ಪರಿಚಯ ಹೇಳಿಕೊಂಡಳು. ಜನಾಂಗಗಳ ಕಾದಾಟದಲ್ಲಿ ಸೀಳಿಹೋದ ಒಂದು ದೇಶದಲ್ಲಿ ಯುದ್ಧಾಪರಾಧಗಳ ವಿಚಾರಣೆಗೆಂದೇ ವಿಶೇಷ ನ್ಯಾಯಾಲಯ ನಡೆಯುತ್ತಿದೆ, ತಾನು ಅಲ್ಲಿ ಪ್ರಾಸಿಕ್ಯೂಷನ್ ಕಡೆಯ ವಕೀಲೆ ಎಂದಳು. ಆರು ವರ್ಷದ ಹಿಂದೆ ಸಿಡ್ನಿಯ ಮಾರ್ಸ್ಡನ್ ಪಾರ್ಕ್ ಬಡಾವಣೆಯಲ್ಲಿ ನೀವು ದೃಢೀಕರಿಸಿದ ಹೇಳಿಕೆಯೊಂದು ನಮ್ಮ ಮುಂದಿದೆ, ನೆನಪಿದೆಯೇ ಎಂದು ಕೇಳಿ, ಹೇಳಿಕೆ ಕೊಟ್ಟವರ ಹೆಸರು ಹೇಳಿದಳು.

ನೆನಪಿತ್ತು. ನಮ್ಮ ಪಕ್ಕದ ಮನೆಯಲ್ಲಿದ್ದ ಅಮ್ಮ.

"ಆಕೆ ನಿಮ್ಮ ಎದುರಿನಲ್ಲೇ ಸಹಿ ಹಾಕಿದರು, ಅಲ್ಲವೇ?"

"ಹೌದು" ಎಂದೆ.

ಯೋಚಿಸಿ ಹೇಳಿದ ಸುಳ್ಳಲ್ಲ ಅದು. ಮೇಷ್ಟರು ಕೇಳಿದ ಕೂಡಲೇ ಮನೆಪಾಠ ಆಗಿದೆ ಎನ್ನುವ ಮಕ್ಕಳ ಹಾಗೆ ಬಾಯಿಂದ ಉದುರಿತು. ಆಕೆಗೆ ನಿರಾಳವಾಯಿತು. ಊರಿನ ಗಂಡಸರನ್ನು ಶಾಲೆಯಿಂದ ಕರೆದೊಯ್ದು ಕೊಂದ ದಿನ ತಾನು ಆ ಊರಿನಲ್ಲಿ ಇರಲೇ ಇಲ್ಲ ಎಂದು ಆರೋಪಿ ಹೇಳುತ್ತಿದ್ದಾನೆ, ಶಾಲೆಯ ಬಾಗಿಲಲ್ಲಿ ಅವನನ್ನು ಹತ್ತಿರದಿಂದ ಕಂಡವರಲ್ಲಿ ಬದುಕಿ ಉಳಿದವರು ಈಕೆಯೊಬ್ಬರೇ ಎಂದು ವಿವರಿಸಿದಳು. ಈಕೆ ಮತ್ತೆ ಬಾಯಿಬಿಟ್ಟು ಹೇಳಲು ಒಪ್ಪುತ್ತಿಲ್ಲ. ವಯಸ್ಸು, ಆರೋಗ್ಯ ನೋಡಿ ಕಾಗದದ ಹೇಳಿಕೆಯನ್ನೇ ಸಾಕ್ಷಿಯಾಗಿ ತೆಗೆದುಕೊಳ್ಳಿ ಎಂದು ಪ್ರಾಸಿಕ್ಯೂಷನ್ ಕಡೆಯವರು ಕೋರ್ಟನ್ನು ಕೇಳಿದ್ದಾರೆ. ಆರೋಪಿಯ ವಕೀಲ ಸಹಿಯನ್ನೇ ಪ್ರಶ್ನಿಸಿದ್ದಾನೆ.

"ಮೂರು ವಾರ ಬಿಟ್ಟು ವಿಡಿಯೋದಲ್ಲಿ ಪ್ರಮಾಣ ಮಾಡಿ, ಈಗ ಹೇಳಿದ್ದನ್ನೇ ಹೇಳಿ. ಹತ್ತು ನಿಮಿಷದ ಕೆಲಸ" ಎಂದಳು.

ಫೋನ್ ಇಟ್ಟ ಮೇಲೆ ಗ್ರೈಂಡರ್ ಮತ್ತೆ ಹಾಕಿದೆ. ಹಿಟ್ಟು ನುಣ್ಣಗಾಗಿ ಎಷ್ಟು ಹೊತ್ತಾದರೂ ನಿಲ್ಲಿಸಲು ಮರೆತಿದ್ದೆ.

ಆ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಅಮ್ಮನ ಮಗಳು ಬೇಡ ಎಂದಿದ್ದಾಳೆ. ಅವಳ ಮಾತು ಮೀರುವ ಯೋಗ್ಯತೆ ನನಗಿಲ್ಲ.

ನನ್ನ ಸಹಿಯ ಕಥೆಯನ್ನು ಮಾತ್ರ ಮುಚ್ಚುಮರೆಯಿಲ್ಲದೆ ಹೇಳಬಹುದು. ಮೈಸೂರಿನ ಸರ್ಕಾರಿ ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಲೆಕ್ಚರರ್ ಆಗಿದ್ದೆ. ಲೆಕ್ಚರರ್ ಎನ್ನುವುದಕ್ಕಿಂತ ಗೆಜೆಟೆಡ್ ಆಫೀಸರ್ ಎನ್ನುವುದರಲ್ಲಿ ನನಗೆ ಹೆಚ್ಚು ಜಂಬ. ಹಸಿರು ಇಂಕಿನ ಪೆನ್ನು, ರಬ್ಬರ್ ಸ್ಟಾಂಪು ಎರಡೂ ಮನೆಯಲ್ಲೇ ಇರುತ್ತಿದ್ದವು. ಅರ್ಜಿ ಹಾಕುವ ಕಾಲ ಬಂತೆಂದರೆ ಭಾನುವಾರ ಬೆಳಗ್ಗೆಯೇ ಗೇಟಿನ ಹತ್ತಿರ ಮಾರ್ಕ್ಸ್ ಕಾರ್ಡಿನ ನಕಲು ಹಿಡಿದು ಜನ ನಿಲ್ಲುತ್ತಿದ್ದರು. ಒರಿಜಿನಲ್ ತೋರಿಸು ಎಂದು ನಾನು ಕೇಳಿದ್ದು ಅಪರೂಪ. ಯಾರ ಮನೆಯವರು, ಯಾವ ಬೀದಿಯವರು ಎಂದು ತಿಳಿದರೆ ಸಾಕಿತ್ತು. "ಅಮ್ಮನ ಸಹಿನೂ ಬೇಕಿತ್ತು ಮೇಡಂ, ಅವರು ಬಂದಿಲ್ಲ" ಎಂದು ಯಾರಾದರೂ ತಲೆ ಕೆರೆದುಕೊಂಡರೆ, "ನಾನು ಹಾಕಿರ್ತೀನಿ, ನೀನು ಮನೇಲಿ ಹಾಕಿಸ್ಕೋ ಹೋಗು" ಎನ್ನುತ್ತಿದ್ದೆ. ಅದು ತಪ್ಪೆಂದು ನನಗೂ ಅನ್ನಿಸಿರಲಿಲ್ಲ, ಅವರಿಗೂ ಅನ್ನಿಸಿರಲಿಲ್ಲ. ದೊಡ್ಡವರನ್ನು ಬಿಸಿಲಿನಲ್ಲಿ ಓಡಾಡಿಸದಿರುವುದು ಒಳ್ಳೆಯತನವೆಂದೇ ನಮ್ಮ ಲೆಕ್ಕ.

ಸಿಡ್ನಿಗೆ ಬಂದ ಮೇಲೆ ಮ್ಯಾಕ್ವೆರಿ ಪಾರ್ಕಿನ ಒಂದು ಔಷಧ ಕಂಪನಿಯಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ ಸಿಕ್ಕಿತು. ಅಲ್ಲಿ ನಾನು ಬೇರೆಯೇ ವ್ಯಕ್ತಿ. ತೂಕವನ್ನು ಕಣ್ಣಿಂದ ನೋಡದೆ ಸಹಿ ಹಾಕಿದ ಕೆಮಿಸ್ಟ್ ಒಬ್ಬಳನ್ನು ಅವಳು ಕಣ್ಣೀರು ಹಾಕುವವರೆಗೆ ಬೈದಿದ್ದೇನೆ. ರಿಟೈರ್ ಆದ ಮೇಲೆ ಸಮಯ ಕಳೆಯಲೆಂದು ಜೆ.ಪಿ., ಅಂದರೆ ಜಸ್ಟಿಸ್ ಆಫ್ ದಿ ಪೀಸ್, ಆದೆ. ಸಂಬಳವಿಲ್ಲದ ಸೇವೆ ಇದು. ಶನಿವಾರ ಬೆಳಗ್ಗೆ ಲೈಬ್ರರಿಯಲ್ಲಿ ಒಂದು ಮೇಜು ಹಾಕಿಕೊಂಡು ಕೂತು, ಕಾಯಂ ವಾಸದ ಪಿಆರ್ ಕಾಗದ, ಡಿಗ್ರಿ ಸರ್ಟಿಫಿಕೇಟು, ಪ್ರಮಾಣಪತ್ರ ಇಂಥವನ್ನು ದೃಢೀಕರಿಸಿ ಕೊಡಬೇಕು. ನಿಯಮವೇನೂ ಬ್ರಹ್ಮವಿದ್ಯೆಯಲ್ಲ. ಹೇಳಿಕೆ ಕೊಡುವವರು ಎದುರಿಗೆ ಇರಬೇಕು, ಎದುರಿಗೇ ಸಹಿ ಹಾಕಬೇಕು, ಅವರ ಮುಖ ನೋಡಬೇಕು. "ಈ ವ್ಯಕ್ತಿಯ ಮುಖವನ್ನು ನಾನು ನೋಡಿದ್ದೇನೆ" ಎಂದು ಕೊನೆಯ ಹಾಳೆಯಲ್ಲಿ ಅಚ್ಚಾಗಿಯೇ ಇರುತ್ತದೆ. ಅದರ ಕೆಳಗೆ ನಮ್ಮ ಸಹಿ. ಲೈಬ್ರರಿಯ ಮೇಜಿನಲ್ಲಿ ನಾನು ಇದನ್ನು ಒಂದು ಸಲವೂ ತಪ್ಪಿದವಳಲ್ಲ.

ಪಕ್ಕದ ಮನೆಯಲ್ಲಿ ತಪ್ಪಿದೆ.

ಅವರು ಬಾಡಿಗೆಗೆ ಬಂದಿದ್ದವರು. ಅಮ್ಮ, ಮಗಳು ಇಬ್ಬರೇ. ಅಮ್ಮನಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಇಂಗ್ಲಿಷು ನಾಲ್ಕೈದು ಮಾತು. ತಗಡಿನ ಬೇಲಿಯ ಮೇಲಿಂದ ಪುದೀನ ಕೊಡುತ್ತಿದ್ದರು, ನಾನು ಕರಿಬೇವು ಕೊಡುತ್ತಿದ್ದೆ. ಅದನ್ನು ಏನು ಮಾಡುತ್ತಿದ್ದರೋ ಗೊತ್ತಿಲ್ಲ. ಗಂಡ, ಇಬ್ಬರು ಗಂಡುಮಕ್ಕಳು ಯುದ್ಧದಲ್ಲಿ ಹೋದರೆಂದು ಮಗಳು ಒಮ್ಮೆ ಬಸ್ ಸ್ಟಾಪಿನಲ್ಲಿ ಹೇಳಿದ್ದಳು. ಅಂದಿನಿಂದ ಬೇಲಿಯ ಹತ್ತಿರ ಅವರು ಕಂಡರೆ ನಾನು ನಗುವುದು ಜಾಸ್ತಿಯಾಗಿತ್ತು, ನಿಲ್ಲುವುದು ಕಡಿಮೆಯಾಗಿತ್ತು.

ಒಂದು ಸಂಜೆ ಮಗಳು ಬಂದು, ಯುದ್ಧಾಪರಾಧದ ತನಿಖೆಯವರಿಗೆ ಕಳಿಸಲೆಂದು ಅಮ್ಮ ಕೊನೆಗೂ ಕಂಡದ್ದನ್ನೆಲ್ಲ ಹೇಳಿದ್ದಾರೆ, ಬರೆದುಕೊಂಡು ಇಂಗ್ಲಿಷಿಗೆ ಹಾಕಿದ್ದೇನೆ, ದೃಢೀಕರಿಸಿ ಕೊಡುತ್ತೀರಾ ಆಂಟಿ ಎಂದು ಕೇಳಿದಳು. ಹೋದೆ. ಅಡಿಗೆಮನೆಯ ಕಟ್ಟೆಯ ಮೇಲೆ ದಪ್ಪ ಕಪ್ಪು ಕಾಫಿ, ಎಳ್ಳು ಹಚ್ಚಿದ ಸಿಹಿ ಬನ್ನು ಇಟ್ಟಿದ್ದಳು. ನಾಲ್ಕು ಹಾಳೆ. ಅದರಲ್ಲಿರುವುದನ್ನು ಜೆ.ಪಿ. ಓದಬೇಕೆಂದಿಲ್ಲ. ನಾನು ಓದಲೂ ಇಲ್ಲ. ಕೊನೆಯ ಹಾಳೆಯಲ್ಲಿ ಅಮ್ಮನ ಸಹಿಯ ಜಾಗ ಖಾಲಿಯಿತ್ತು. ಕೋಣೆಯ ಬಾಗಿಲು ಮುಚ್ಚಿತ್ತು.

"ಅಮ್ಮ ಒಳಗಿದ್ದಾರೆ. ಕರೀಲಾ ಆಂಟಿ?"

"ಬೇಡ ಬೇಡ, ಎಬ್ಬಿಸಬೇಡ. ಮಲಗಿರಲಿ ಪಾಪ. ನಾನು ಹಾಕಿರ್ತೀನಿ, ಎದ್ದ ಮೇಲೆ ಅವರ ಹತ್ರ ಹಾಕಿಸ್ಕೋ."

ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ. ಆದರೆ ನನ್ನ ಆ ಮಾತು ಮಾತ್ರ ಅಪ್ಪಟ ಮೈಸೂರಿನದು. ಮಗಳು ಒಂದು ಗಳಿಗೆ ನನ್ನನ್ನೇ ನೋಡಿದಳು. ನಾನು ಸಹಿ ಹಾಕಿ, ಮೊಹರು ಒತ್ತಿ, ಬನ್ನು ಚೆನ್ನಾಗಿದೆ ಎಂದು ನಗುತ್ತಾ ಹೊಗಳಿ ಎದ್ದುಬಂದೆ. ಮುಂದಿನ ವರ್ಷ ರೆಂಟ್ ಏರಿತೆಂದು ಅವರು ಮೆಲ್ಬರ್ನಿನ ಕ್ರಾನ್‌ಬರ್ನ್‌ಗೆ ಹೊರಟುಹೋದರು.

ಇಷ್ಟನ್ನೂ ವಕೀಲೆಯ ಫೋನ್ ಬಂದ ದಿನವೇ ಊಟದ ಹೊತ್ತಿಗೆ ಗಂಡನಿಗೆ ಹೇಳಿದೆ. ಅವರು ಇಂಜಿನಿಯರು. ಯಾವ ಸಮಸ್ಯೆಯನ್ನಾದರೂ ಚಿಕ್ಕದು ಮಾಡಿ ಕೈಗೆ ಕೊಡುವುದರಲ್ಲಿ ನಿಸ್ಸೀಮರು.

"ಆ ಯಮ್ಮ ಹೇಳಿರೋದು ನಿಜ ತಾನೆ?" ಎಂದರು.

"ನಿಜಾನೇ ಇರುತ್ತೆ."

"ನಿನ್ನ ಸಹಿ ನಿಂದೇ ತಾನೆ?"

"ನಂದೇ."

"ಮಧ್ಯ ಒಂದು ಸಣ್ಣ ಹೌದು ಅಂದ್ರೆ ಯಾರಪ್ಪನ ಗಂಟು ಹೋಗುತ್ತೆ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಇಲ್ಲಿ ಒಂದೇ ಸುಳ್ಳು ಕಣೇ. ಅದೂ ಒಬ್ಬ ಕೊಲೆಗಡುಕ ತಪ್ಪಿಸ್ಕೊಳ್ದೇ ಇರ್ಲಿ ಅಂತ."

"ಪ್ರಮಾಣ ಮಾಡಿ ಹೇಳ್ಬೇಕು ರೀ."

"ಮತ್ತೆ ನಿಜ ಹೇಳಿ ಆ ಹೆಂಗಸಿನ ಕೇಸು ಮಣ್ಣುಪಾಲು ಮಾಡ್ತೀಯಾ? ನೀನು ಜೈಲಿಗೆ ಹೋಗ್ತೀಯಾ?"

ಅವರ ಮಾತಿನಲ್ಲಿ ತಿರುಳಿಲ್ಲದಿರಲಿಲ್ಲ. ನನಗೆ ಕೋಪ ಬಂದದ್ದು ಅದಕ್ಕೇ.

"ಸಹಿ ಅವರೇ ಹಾಕಿದ್ದಾರೋ ಇಲ್ವೋ ನಂಗೆ ಗೊತ್ತಿಲ್ಲ ಕಣ್ರೀ" ಎಂದೆ. "ನಾನು ಹಾಕಿದಾಗ ಆ ಜಾಗ ಖಾಲಿ ಇತ್ತು."

ಅವರು ತಟ್ಟೆಯಿಂದ ಕೈ ತೆಗೆದರು. ಅದನ್ನು ಚಿಕ್ಕದು ಮಾಡುವ ಉಪಾಯ ಅವರಿಗೂ ಹೊಳೆಯಲಿಲ್ಲ.

ಎರಡು ದಿನದ ನಂತರ ವಕೀಲೆ ಕೊನೆಯ ಹಾಳೆಯನ್ನು ಸ್ಕ್ಯಾನ್ ಮಾಡಿ ಇಮೇಲಿನಲ್ಲಿ ಕಳಿಸಿದಳು. ನನ್ನ ಸಹಿಯ ಮೇಲೆ ಆ ಅಮ್ಮನ ಹೆಸರು. ದುಂಡನೆಯ, ಒಂದೇ ಓಟದಲ್ಲಿ ಬರೆದ ಇಂಗ್ಲಿಷ್ ಅಕ್ಷರ. ಬೇಲಿಯ ಮೇಲಿಂದ ಅವರು ಕೊಟ್ಟಿದ್ದ ಉಪ್ಪಿನಕಾಯಿ ಜಾಡಿಯ ಚೀಟಿ ನೆನಪಾಯಿತು. ಅದರ ಮೇಲಿನ ಅವರ ಭಾಷೆಯ ಅಕ್ಷರಗಳು ನಡುಗುತ್ತಿದ್ದವು. ಹಾಳೆಯನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದೆ.

ಶನಿವಾರ ಲೈಬ್ರರಿಗೆ ಹೋದರೆ ಮೇಜಿನ ಮೇಲೆ ಹೊಸದೊಂದು ಕಾರ್ಡು ಇಟ್ಟಿದ್ದರು. ಸಹಿ ಹಾಕುವವರು ಖುದ್ದಾಗಿ ಬರಬೇಕು ಎಂದಿತ್ತು. ಎಲ್ಲ ಮೇಜಿಗೂ ಇಟ್ಟಿರುವ ಕಾರ್ಡು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನಗೆ ಅದು ನನಗೊಬ್ಬಳಿಗೇ ಬರೆದಿಟ್ಟಂತೆ ಕಂಡಿತು. ಸರದಿಯಲ್ಲಿ ಮೊದಲು ನಿಂತಿದ್ದ ಕನ್ನಡದ ಹುಡುಗಿ, "ಆಂಟಿ, ನನ್ನ ಹಸ್ಬೆಂಡ್ ಆಫೀಸ್‌ನಲ್ಲಿ ಸಿಕ್ಕಿಹಾಕ್ಕೊಂಡಿದ್ದಾರೆ, ಪ್ಲೀಸ್ ಇದೊಂದು ಅಟೆಸ್ಟ್ ಮಾಡಿಕೊಡಿ" ಎಂದಳು. ಅವಳ ಮೇಲೆ ನಾನು ಹರಿಹಾಯ್ದದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಇಡೀ ಲೈಬ್ರರಿ ತಿರುಗಿ ನೋಡಿತು. ಮನೆಗೆ ಬಂದವಳೇ ಮೆಲ್ಬರ್ನಿಗೆ ಟಿಕೆಟ್ ಬುಕ್ ಮಾಡಿದೆ.

ಕ್ರಾನ್‌ಬರ್ನ್‌ನಲ್ಲಿ ಬಾಗಿಲು ತೆಗೆದ ಮಗಳು ಇನ್ನೂ ಕೆಲಸದ ಬಟ್ಟೆಯಲ್ಲಿದ್ದಳು. ವೃದ್ಧರನ್ನು ನೋಡಿಕೊಳ್ಳುವ ಒಂದು ಕಡೆ ಅವಳಿಗೆ ಕೆಲಸ. ನಾನು ಬರುವುದನ್ನು ಫೋನಿನಲ್ಲಿ ಹೇಳಿದ್ದೆ, ಏಕೆಂದು ಹೇಳಿರಲಿಲ್ಲ. ಆದರೂ ಅವಳಿಗೆ ಗೊತ್ತಿತ್ತು. ಅದೇ ಕಪ್ಪು ಕಾಫಿ ಬಂತು. ಒಳಗಿನ ಕೋಣೆಯ ಬಾಗಿಲು ಇಲ್ಲಿಯೂ ಮುಚ್ಚಿತ್ತು.

ಬ್ಯಾಗಿನಿಂದ ಆ ಹಾಳೆ ತೆಗೆದು ಮೇಜಿನ ಮೇಲಿಟ್ಟೆ. "ಈ ಸಹಿ ಯಾರದು?" ಎಂದು ಕೇಳಿದೆ.

ಅವಳು ಹಾಳೆಯ ಕಡೆ ನೋಡಲಿಲ್ಲ. "ನೀವು ಹೌದು ಅಂತ ಹೇಳ್ತೀರಿ ಅಂತ ಲಾಯರ್ ಹೇಳಿದ್ರು, ಆಂಟಿ."

"ನಾನು ಕೇಳಿದ್ದು ಅದಲ್ಲ."

"ಅದರಲ್ಲಿರೋ ಒಂದೊಂದು ಮಾತೂ ಅಮ್ಮಂದು. ನಾನು ಒಂದಕ್ಷರ ಸೇರಿಸಿಲ್ಲ."

"ಸಹಿ?"

ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆದುಕೊಂಡಿತು. ಅಮ್ಮ ಬಂದು ಮೇಜಿನ ಆ ತುದಿಯ ಕುರ್ಚಿಯಲ್ಲಿ ಕೂತರು. ಬಹಳ ಇಳಿದುಹೋಗಿದ್ದರು. ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ನೋಡಿ, ಮಗಳಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಮಗಳು ಬೇಡವೆಂದು ತಲೆಯಾಡಿಸಿದಳು. ಅಮ್ಮ ಮೇಜನ್ನು ಬೆರಳಿಂದ ಎರಡು ಸಲ ಕುಟ್ಟಿದರು. ಆಮೇಲೆ ಅಮ್ಮ ಒಂದು ಮಾತು ಹೇಳುವುದು, ಮಗಳು ನನ್ನ ಮುಖ ನೋಡದೆ ಅದನ್ನು ಇಂಗ್ಲಿಷಿನಲ್ಲಿ ಹೇಳುವುದು, ಹೀಗೆ ನಡೆಯಿತು.

"ಅವತ್ತು ನಾನು ಮಲಗಿರಲಿಲ್ಲ. ಒಳ್ಳೇ ಬಟ್ಟೆ ಹಾಕ್ಕೊಂಡು ಮಂಚದ ಮೇಲೆ ಕೂತಿದ್ದೆ. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಸರ್ಕಾರದ ಅಧಿಕಾರ ಇರೋರು ಬರ್ತಾರೆ, ನಿನ್ನ ಮುಖ ನೋಡಿ ಇದೆಲ್ಲ ನಿಜಾನಾ ಅಂತ ಕೇಳ್ತಾರೆ, ನೀನು ಹೌದು ಅನ್ನಬೇಕು ಅಂತ ಇವಳು ಹೇಳಿದ್ದಳು. ಅಲ್ಲೀವರೆಗೆ ಯಾರೂ ನನ್ನನ್ನ ಕೇಳಿರಲಿಲ್ಲ. ಕರೀತಾರೆ ಅಂತ ಕಾದೆ. ನೀವು ಬಂದದ್ದು ಕೇಳಿಸ್ತು. ನಕ್ಕಿದ್ದು ಕೇಳಿಸ್ತು. ಹೋದದ್ದೂ ಕೇಳಿಸ್ತು."

ನಾನು ಕಾಫಿ ಲೋಟ ಕೆಳಗಿಟ್ಟೆ.

"ಆಮೇಲೆ ಇವಳು ಕಾಗದ ತಂದಳು. ಹಾಕೋಲ್ಲ ಅಂದೆ. ನನ್ನ ಮುಖ ಬೇಡ ಅಂದವರಿಗೆ ನನ್ನ ಕೈ ಯಾಕೆ ಬೇಕು?"

ಮಗಳು ಇದನ್ನು ಹೇಳಿ ಮುಗಿಸಿ, ಅದೇ ಉಸಿರಿನಲ್ಲಿ, "ನಾನು ಹಾಕಿದೆ, ಆಂಟಿ" ಎಂದಳು.

ಆರು ವರ್ಷ ನಾನು ಅದನ್ನು ಸೌಜನ್ಯವೆಂದು ಕರೆದುಕೊಂಡಿದ್ದೆ. ಹಿರಿಯರನ್ನು ಎಬ್ಬಿಸಬಾರದು, ನೊಂದವರನ್ನು ಕೆದಕಬಾರದು. ನಿಜ ಹೇಳಬೇಕೆಂದರೆ ಅವತ್ತು ಆ ಬಾಗಿಲು ಮುಚ್ಚಿದ್ದು ಕಂಡು ನನಗೆ ಖುಷಿಯಾಗಿತ್ತು. ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ಹೆಂಗಸಿನ ಎದುರು ಕೂತು, "ಇದೆಲ್ಲ ನಿಜವೇ" ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಮರುದಿನ ಮನೆಯಲ್ಲಿ ಸತ್ಯನಾರಾಯಣ ಪೂಜೆಯಿತ್ತು, ಹಾಲು ತರುವುದಿತ್ತು. ಆ ಮುಖವನ್ನು ಹೊತ್ತುಕೊಂಡು ಮನೆಗೆ ಹೋಗಲು ನನಗೆ ಇಷ್ಟವಿರಲಿಲ್ಲ.

ಮಗಳು ನನ್ನ ಕೈ ಹಿಡಿದುಕೊಂಡಳು. ಇದು ಅಮ್ಮನ ಮಾತಿನ ಅನುವಾದವಲ್ಲ, ಅವಳದೇ ಮಾತು. "ಹೌದು ಅಂದ್ಬಿಡಿ ಆಂಟಿ, ಪ್ಲೀಸ್. ನೀವು ಇಲ್ಲ ಅಂದ್ರೆ ಆ ಪೇಪರ್ ಹೋಯ್ತು. ಅವನು ಮನೆಗೆ ಹೋಗ್ತಾನೆ. ನನ್ನ ಅಣ್ಣಂದಿರ ಬಗ್ಗೆ ಇರೋದು ಅದೊಂದೇ. ಅದನ್ನ ನಾನೇ ಹಾಳು ಮಾಡಿದ ಹಾಗಾಗುತ್ತೆ."

ನಾನು ಅಮ್ಮನ ಕಡೆ ತಿರುಗಿದೆ. "ನಾನು ಏನು ಹೇಳಲಿ, ನೀವೇ ಹೇಳಿ" ಎಂದೆ. ಮಗಳು ಅದನ್ನು ಅವರಿಗೆ ಹೇಳಿದಳು.

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಅದನ್ನೂ ನಾನೇ ಹೇಳಬೇಕಾ?" ಎಂದು ಎದ್ದು ಒಳಗೆ ಹೋದರು.

ವಿಮಾನದಲ್ಲಿ ಸಿಡ್ನಿ ತಲುಪುವವರೆಗೂ ನಾನು ಎರಡು ಉತ್ತರಗಳನ್ನು ಸರದಿಯಂತೆ ಹೇಳಿ ನೋಡಿಕೊಂಡೆ. ಹೌದು ಎಂದರೆ ಅವನಿಗೆ ಶಿಕ್ಷೆಯಾಗಬಹುದು. ಆದರೆ ಅಕ್ಷರ ನೋಡುವ ತಜ್ಞರೊಬ್ಬರು ಆ ಸಹಿಯನ್ನು ಅಮ್ಮನ ಹಳೆಯ ಬರಹದ ಪಕ್ಕದಲ್ಲಿಟ್ಟರೆ ಸಾಕು, ಸುಳ್ಳೆಂದು ಬಯಲಾಗುತ್ತದೆ. ಆಗ ಆ ಅಮ್ಮ ಕಂಡದ್ದೂ ಸುಳ್ಳೆಂದು ಆ ವಕೀಲ ಸಾಧಿಸುತ್ತಾನೆ. ಇಲ್ಲ ಎಂದರೆ ಕಾಗದ ಈಗಲೇ ಬೀಳುತ್ತದೆ, ಆದರೆ ಆಕೆಯ ಮಾತು ಆಕೆಯ ಹತ್ತಿರವೇ ಉಳಿಯುತ್ತದೆ. ಹೀಗೆಲ್ಲ ಲೆಕ್ಕ ಹಾಕಿದೆ. ಒಳಗೊಳಗೆ ಗೊತ್ತಿತ್ತು, ಲೆಕ್ಕವೆಲ್ಲ ನೆಪ. ಆ ಹೆಂಗಸಿನ ವಿಷಯದಲ್ಲಿ ಎರಡನೆಯ ಸಲ ನೋಡದೆ ನೋಡಿದೆ ಎನ್ನಲು ನನ್ನಿಂದ ಆಗುವಂತಿರಲಿಲ್ಲ.

ಮರುದಿನ ವಕೀಲೆಗೆ ಫೋನ್ ಮಾಡಿ, ನಾನು ಹೇಳಿದ್ದು ಸುಳ್ಳು ಎಂದೆ. "ಇದನ್ನು ನನಗೆ ಹೇಳಿದ ಮೇಲೆ ನಾನು ಆರೋಪಿಯ ಕಡೆಯವರಿಗೂ ತಿಳಿಸಲೇಬೇಕು. ನಿಮಗೆ ಅರ್ಥವಾಗುತ್ತಿದೆ ತಾನೆ?" ಎಂದಳು. ಅರ್ಥವಾಗಿದೆ ಎಂದೆ. ಅದೇ ವಾರ ಮಗಳು ಕೂಡ ತಾನೇ ಸಹಿ ಹಾಕಿದ್ದೆಂದು ಬರೆದು ಕಳಿಸಿದಳು. ನಾನು ಹೇಳಿ ಮಾಡಿಸಿದ್ದಲ್ಲ. ಅದರ ನಂತರ ನನ್ನ ಫೋನನ್ನು ಅವಳು ಎತ್ತಲಿಲ್ಲ.

ವಿಚಾರಣೆಯ ದಿನ ಸಿಡ್ನಿ ಸಿಟಿಯ ಒಂದು ಕಟ್ಟಡದಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ ನನ್ನನ್ನು ಕೂರಿಸಿದರು. ನಮಗೆ ಸಂಜೆ, ಅವರಿಗೆ ಬೆಳಗ್ಗೆ. ಗೋಡೆಯ ಮೇಲಿನ ಪರದೆ ನಾಲ್ಕು ಭಾಗವಾಗಿತ್ತು. ಒಂದರಲ್ಲಿ ಮೂವರು ನ್ಯಾಯಾಧೀಶರು, ಎರಡರಲ್ಲಿ ಎರಡು ಕಡೆಯ ವಕೀಲರು, ನಾಲ್ಕನೆಯದರಲ್ಲಿ ಅವನು. ರಾಕ್ಷಸನಂತಿರುತ್ತಾನೆ ಎಂದುಕೊಂಡಿದ್ದೆ. ನರೆತ ತಲೆ, ಬೂದು ಸ್ವೆಟರು, ಕೊರಳಲ್ಲಿ ದಾರದಿಂದ ತೂಗುಬಿಟ್ಟ ಕನ್ನಡಕ. ಭಾನುವಾರ ದೇವಸ್ಥಾನದ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದರೆ, "ಮುಂದೆ ಹೋಗಿ ಅಂಕಲ್" ಎಂದು ದಾರಿ ಬಿಡುತ್ತಿದ್ದೆ.

ಗೀತೆ ಬೇಕೇ ಎಂದು ಕೇಳಿದರು. ಬೇಡ, ಬರೀ ಮಾತಿನ ಪ್ರಮಾಣ ಸಾಕು ಎಂದೆ. ಗೀತೆಯ ಮೇಲೆ ಕೈಯಿಟ್ಟುಕೊಂಡು ಮಾನ ಕಳೆದುಕೊಳ್ಳುವ ಮನಸ್ಸಿರಲಿಲ್ಲ.

ಆರೋಪಿಯ ವಕೀಲ ಜೋರು ಮಾಡಲಿಲ್ಲ. ಮಾಡಿದ್ದರೆ ನಾನೂ ಜಗಳಕ್ಕೆ ನಿಲ್ಲಬಹುದಿತ್ತು. ಅವನು ಬಹಳ ಮರ್ಯಾದೆಯಿಂದ ಕೇಳಿದ.

"ಆ ದಿನ ನೀವು ಹೇಳಿಕೆ ಕೊಟ್ಟವರನ್ನು ನೋಡಿದಿರಾ?"

"ಇಲ್ಲ."

"ನೋಡಿದ್ದೇನೆ ಎಂಬ ಮಾತಿನ ಕೆಳಗೆ ನಿಮ್ಮ ಸಹಿಯಿದೆ."

"ಇದೆ. ಅದು ಸುಳ್ಳು."

"ಹಾಗೆ ಮಾಡಲು ಮಗಳು ನಿಮ್ಮನ್ನು ಕೇಳಿಕೊಂಡಳೇ?"

"ಇಲ್ಲ. ಅಮ್ಮನನ್ನು ಕರೆಯಲೇ ಎಂದು ಅವಳು ಕೇಳಿದಳು. ಬೇಡ ಎಂದವಳು ನಾನು."

"ಏಕೆ?"

ಅದು ಅವನಿಗೆ ಬೇಕಿಲ್ಲದ ಪ್ರಶ್ನೆ. ಅವನಿಗೆ ಬೇಕಾದದ್ದು ಆಗಲೇ ಸಿಕ್ಕಿತ್ತು. ನಾನು ನೀರು ಕುಡಿದೆ. "ಆಕೆಯ ಎದುರು ಕೂರಲು ಹೆದರಿದೆ" ಎಂದೆ. ದುಭಾಷಿ ಅದನ್ನು ಅವರ ಭಾಷೆಗೆ ಹಾಕಿದ. ಮೂವರು ನ್ಯಾಯಾಧೀಶರಲ್ಲಿ ಒಬ್ಬಾಕೆ ಏನನ್ನೋ ಬರೆದುಕೊಂಡರು. ಆರೋಪಿ ಅನುವಾದ ಕೇಳುವ ಕಿವಿಯ ಯಂತ್ರ ಸರಿಮಾಡಿಕೊಂಡ.

ಅರ್ಧ ಗಂಟೆ ಬಿಟ್ಟು ಬಂದ ನ್ಯಾಯಾಧೀಶರು ಹೇಳಿಕೆಯನ್ನು ದಾಖಲೆಯಿಂದ ತೆಗೆದುಹಾಕಿದ್ದೇವೆ ಎಂದರು. ಪರದೆ ಕಪ್ಪಾಯಿತು. ಕೆಳಗೆ ಕಾಯುತ್ತಿದ್ದ ನನ್ನ ಗಂಡ ಏನೂ ಕೇಳದೆ ಬ್ಯಾಗು ತೆಗೆದುಕೊಂಡರು. ಮೆಟ್ರೋದಲ್ಲಿ ಕೂತ ಮೇಲೆ, "ನಾನೇನಾದ್ರೂ ಆಗಿದ್ರೆ ಹೌದು ಅಂದಿರ್ತಿದ್ದೆ" ಎಂದರು. ಬೈಗುಳವೋ ಮೆಚ್ಚುಗೆಯೋ ತಿಳಿಯಲಿಲ್ಲ. ಆ ವಾರವೇ ಜೆ.ಪಿ. ಕೆಲಸಕ್ಕೆ ರಾಜೀನಾಮೆ ಬರೆದು, ನಡೆದದ್ದನ್ನೂ ಅದರಲ್ಲಿ ಸೇರಿಸಿ ಕಳಿಸಿದೆ. ಅದಕ್ಕೆ ಏನು ಕ್ರಮವೋ ಇನ್ನೂ ತಿಳಿಸಿಲ್ಲ.

ಎರಡು ತಿಂಗಳು ಯಾರ ಸುದ್ದಿಯೂ ಇರಲಿಲ್ಲ. ಅವನು ಮನೆಗೆ ಹೋಗಿ ಮೊಮ್ಮಕ್ಕಳನ್ನು ಎತ್ತಿಕೊಳ್ಳುವುದು ಕಣ್ಣಿಗೆ ಕಟ್ಟುತ್ತಿತ್ತು. ಸರಿಯಾದದ್ದನ್ನು ಮಾಡಿದೆ ಎಂಬ ಸಮಾಧಾನ ನನಗೆ ಒಂದು ದಿನವೂ ಸಿಗಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಮಗಳ ಫೋನ್ ಬಂತು. ದನಿಯಲ್ಲಿ ಸ್ನೇಹವಿರಲಿಲ್ಲ.

"ನೀವು ಕೋರ್ಟಲ್ಲಿ ಹೇಳಿದ್ದನ್ನ ಅಮ್ಮನಿಗೆ ಹೇಳಿದೆ. ಅಮ್ಮ ತಾನೇ ಸಾಕ್ಷಿ ಹೇಳ್ತೀನಿ ಅಂದಿದ್ದಾರೆ. ಗುರುವಾರ, ಇಲ್ಲಿಂದ, ವಿಡಿಯೋದಲ್ಲಿ. ಜೊತೆಗೆ ಒಬ್ರು ಕೂತ್ಕೋಬಹುದು. ನನ್ನನ್ನ ಬಿಡೋಲ್ಲ, ನಾನೂ ಸಾಕ್ಷಿ ಹೇಳ್ಬೇಕಾಗಬಹುದಂತೆ." ಸ್ವಲ್ಪ ತಡೆದು, "ಅಮ್ಮ ನಿಮ್ಮನ್ನ ಕೇಳ್ತಿದ್ದಾರೆ" ಎಂದಳು.

ಹೋದೆ. ಮೆಲ್ಬರ್ನಿನ ಆ ಕೋಣೆಯಲ್ಲಿ ಅಮ್ಮ ಕಪ್ಪು ಕೋಟು ಹಾಕಿ, ತಲೆ ಬಾಚಿ ಬಿಗಿಯಾಗಿ ಕಟ್ಟಿಕೊಂಡು ಕೂತಿದ್ದರು. ಕ್ಯಾಮೆರಾದಲ್ಲಿ ಕಾಣದಂತೆ ನನ್ನ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದರು. ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು. ಪ್ರೀತಿಯಿಂದ ಹಿಡಿದದ್ದಲ್ಲ, ಓಡಿಹೋಗದಿರಲಿ ಎಂದು ಹಿಡಿದದ್ದು. ಅವರು ತಮ್ಮ ಭಾಷೆಯಲ್ಲಿ ಹೇಳುತ್ತಿದ್ದರು, ಸ್ಪೀಕರಿನಿಂದ ದುಭಾಷಿಯ ಇಂಗ್ಲಿಷು ಬರುತ್ತಿತ್ತು. ಪರದೆಯ ಮೂಲೆಯಲ್ಲಿ ಅದೇ ಬೂದು ಸ್ವೆಟರಿನ ಮನುಷ್ಯ ಕನ್ನಡಕ ಹಾಕಿಕೊಂಡು ತನ್ನ ಎದುರಿದ್ದ ಕಾಗದ ನೋಡುತ್ತಿದ್ದ.

ಅವನು ಊರಿನ ಅಂಚೆ ಕಚೇರಿಯ ಗುಮಾಸ್ತನಾಗಿದ್ದನಂತೆ. ಯುದ್ಧ ಶುರುವಾದ ಮೇಲೆ ಕೈಗೆ ಹೆಸರುಗಳ ಪಟ್ಟಿ ಬಂತಂತೆ. ಆ ಬೆಳಗ್ಗೆ ಶಾಲೆಯ ಬಾಗಿಲಲ್ಲಿ ಒಂದು ಬೆಂಚು ಹಾಕಿಕೊಂಡು ಕೂತಿದ್ದ. ಗಂಡಸರ ಹೆಸರಿನ ಮುಂದೆ ಗುರುತು ಹಾಕಿದರೆ ಅವರು ಹಿಂದೆ ನಿಂತಿದ್ದ ಬಸ್ಸಿಗೆ ಹೋಗಬೇಕು.

"ನಾನು ಅವನ ಎದುರಿಗೆ ಹೋಗಿ ನಿಂತೆ" ಎಂದರು ಅಮ್ಮ. "ಹತ್ತು ವರ್ಷ ಅವನ ಕಿಟಕಿಯಲ್ಲಿ ಅಂಚೆಚೀಟಿ ಕೊಂಡವಳು ನಾನು. 'ತಲೆ ಎತ್ತಿ ನನ್ನನ್ನು ನೋಡು, ನಾನು ಯಾರು ಅಂತ ನಿನಗೆ ಗೊತ್ತು, ಇವರು ಯಾರು ಅಂತಲೂ ಗೊತ್ತು' ಅಂದೆ. ನೋಡಿದ್ದರೆ ಅವನಿಂದ ಆಗುತ್ತಿರಲಿಲ್ಲ. ಅದಕ್ಕೇ ಅವನು ನೋಡಲಿಲ್ಲ. ಪಟ್ಟಿಯಲ್ಲಿ ಮೂರು ಗುರುತು ಹಾಕಿ, ಮುಂದಿನವರು ಅಂದ. ಅವನು ನನ್ನನ್ನು ನೋಡಲಿಲ್ಲ. ನಾನು ಅವನನ್ನು ನೋಡಿದ್ದೇನೆ."

ಇದು ಆ ನಾಲ್ಕು ಹಾಳೆಗಳಲ್ಲಿಯೂ ಇದ್ದಿರಬೇಕು. ನಾನು ಬನ್ನು ತಿನ್ನುತ್ತಾ ಮಗುಚಿದ ಹಾಳೆಗಳು. ನನ್ನ ತಲೆ ತಾನಾಗಿಯೇ ತಗ್ಗಿತು, ನೆಲದ ಕಾರ್ಪೆಟ್ಟಿನ ಗೆರೆಗಳು ಕಂಡವು. ಮಣಿಕಟ್ಟಿನ ಮೇಲೆ ಅವರ ಬೆರಳುಗಳು ಒತ್ತಿದವು, ನೋಯುವಷ್ಟು. ತಲೆ ಎತ್ತಿದೆ. ಅವರು ಆಗ ಹಿರಿಯ ಮಗನ ಹೆಸರು ಹೇಳುತ್ತಿದ್ದರು. ಕಿರಿಯವನ ಹೆಸರು, ಗಂಡನ ಹೆಸರು, ಯಾರು ಯಾವ ಬಣ್ಣದ ಅಂಗಿ ಹಾಕಿದ್ದರು, ಯಾರು ತಿರುಗಿ ನೋಡಿದರು ಎಂದೆಲ್ಲ ಹೇಳಿ ಮುಗಿಸುವವರೆಗೆ ನಾನು ಅವರ ಮುಖವನ್ನೇ ನೋಡುತ್ತಾ ಕೂತಿದ್ದೆ.